ಅಟ್ಟದ ಮೇಲಿನ ಆಸ್ತಿ: ಮನೆಯ ಹಳೆಯ ವಸ್ತುಗಳಿಗೆ ಹೊಸ ಬಳಕೆ

ನಮ್ಮ ಹಿರಿಯರು ಅಟ್ಟವಿಲ್ಲದ ಮನೆಯನ್ನು ಕಟ್ಟುತ್ತಿರಲಿಲ್ಲ. ಮದುವೆಗೆ ಬಂದ ಹಿತ್ತಾಳೆಯ ಹಂಡೆ, ಅಜ್ಜಿಯ ಟ್ರಂಕು, ಮುರಿದ ರಾಟೆ, ಸವೆದ ಲಾಳಿ, ಸೇರು-ಪಾವುಗಳು, ಹಳೆಯ ಲೆಕ್ಕದ ಪುಸ್ತಕ, ಚೌಕಟ್ಟು ಸಡಿಲಗೊಂಡ ಭಾವಚಿತ್ರ ಇವೆಲ್ಲಕ್ಕೂ ಅಲ್ಲಿ ಸ್ಥಳವಿರುತ್ತಿತ್ತು. ಇಂದು ಅವಿನಾಶಿಯಲ್ಲಿಯೂ ಅದರ ಸುತ್ತಣ ಸೇವೂರು, ಪುಂಜೈ ಪುಳಿಯಂಪಟ್ಟಿ, ಸೋಮನೂರು ಕಡೆಗಳಲ್ಲಿಯೂ ಹೆಂಚಿನ ಮನೆಗಳು ಇಳಿದು ತಾರಸಿ ಮನೆಗಳು ಏಳುತ್ತಿವೆ. ಹೊಸ ಮನೆಗೆ ಅಟ್ಟವಿಲ್ಲ. ಇದ್ದರೂ ಅದು ನೀರಿನ ತೊಟ್ಟಿಗೆ ಮೀಸಲು.

ಮನೆ ಬದಲಾಗುವಾಗ ಅಟ್ಟ ಬರಿದಾಗುತ್ತದೆ. ಆಗ ಹಳೆಯ ವಸ್ತುಗಳಿಗೆ ಸಾಮಾನ್ಯವಾಗಿ ಎರಡೇ ಗತಿ. ಒಂದು, ತಕ್ಕಡಿಗೆ ಏರಿ ಕಿಲೋ ಲೆಕ್ಕದಲ್ಲಿ ಮಾರಾಟವಾಗುವುದು. ಇನ್ನೊಂದು, ಮಾರಲು ಮನಸ್ಸು ಬಾರದೆ ಗಂಟು ಕಟ್ಟಿ ಮೂಲೆಗೆ ಸೇರಿ, ಗೆದ್ದಲಿಗೂ ಕಿಲುಬಿಗೂ ಆಹಾರವಾಗುವುದು. ಮೊದಲನೆಯದರಲ್ಲಿ ವಸ್ತು ಹೋಗುತ್ತದೆ. ಎರಡನೆಯದರಲ್ಲಿ ವಸ್ತು ಇದ್ದೂ ಇಲ್ಲದಂತಾಗುತ್ತದೆ. ಮೂರನೆಯ ದಾರಿಯೊಂದುಂಟು. ಅದು ಹಳೆಯ ವಸ್ತುವಿಗೆ ಇಂದಿನ ಮನೆಯಲ್ಲಿ ಒಂದು ಕೆಲಸವನ್ನು ಕೊಡುವುದು. ಆ ದಾರಿಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತಮಿಳುನಾಡಿನ ನಡುವೆ ಮನೆಯೊಳಗೆ ಕನ್ನಡವನ್ನಾಡುತ್ತಾ ಬಾಳುವ ನಮಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಆಸ್ಥೆ ಇರಬೇಕಾದುದು ಸಹಜ. ಬೀದಿಯ ಭಾಷೆ, ಕಚೇರಿಯ ಭಾಷೆ, ಅಂಗಡಿಯ ಭಾಷೆ ತಮಿಳು. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ, ಮಗ್ಗದ ಬಳಿಯಲ್ಲಿ, ದೇವರ ಕೋಣೆಯಲ್ಲಿ. ಅಲ್ಲಿನ ಒಂದೊಂದು ವಸ್ತುವಿಗೂ ಒಂದೊಂದು ಕನ್ನಡದ ಹೆಸರು ಅಂಟಿಕೊಂಡಿದೆ. ನಾವು ಲಾಳಿ ಎನ್ನುವುದನ್ನು ನೆರೆಮನೆಯವರು ನಾಡಾ ಎನ್ನುತ್ತಾರೆ. ನಮ್ಮ ಮಗ್ಗ ಅವರಿಗೆ ತರಿ. ನಮ್ಮ ಹಾಸು ಅವರಿಗೆ ಪಾವು. ಲಾಳಿಯು ಮನೆಯಿಂದ ಹೊರಟುಹೋದರೆ ಲಾಳಿ ಎಂಬ ಮಾತನ್ನು ಮಗುವಿಗೆ ಹೇಳಿಕೊಡಲು ನೆಪವೇ ಇರುವುದಿಲ್ಲ. ವಸ್ತುವು ಬಳಕೆಯಲ್ಲಿದ್ದರೆ ಉಳಿಯುತ್ತದೆ. ತನ್ನ ಹೆಸರಿನೊಡನೆ ಬಳಕೆಯಲ್ಲಿದ್ದರೆ ಅದರ ಜೊತೆಗೆ ಮಾತೂ ಉಳಿಯುತ್ತದೆ.

ಹಿರಿಯರು ನಡೆದ ದಾರಿ

ಮರುಬಳಕೆ ಎಂಬುದು ಈಚೆಗೆ ಹೊರನಾಡುಗಳಿಂದ ಬಂದ ವಿಚಾರವೆಂದು ಕೆಲವರು ಭಾವಿಸುವುದುಂಟು. ನಮ್ಮ ಮನೆಗಳ ಒಂದು ನೂಲಿನ ಸೀರೆಯ ಬಾಳನ್ನು ನೋಡಿದರೆ ಈ ಭಾವನೆ ನಿಲ್ಲುವುದಿಲ್ಲ. ಹೊಸದಾಗಿದ್ದಾಗ ಅದು ಹಬ್ಬದ ಸೀರೆ. ಬಣ್ಣ ಮಾಸಿದಾಗ ದಿನಬಳಕೆಯ ಸೀರೆ. ಇನ್ನೂ ಮೆತ್ತಗಾದಾಗ ತೊಲೆಗೆ ಕಟ್ಟಿದ ಜೋಲಿ. ಬಳಿಕ ಕೂಸಿಗೆ ಹಾಸುವ ಬಟ್ಟೆ, ಅದಾದ ಮೇಲೆ ಪಾತ್ರೆ ಇಳಿಸುವ ಮಸಿಬಟ್ಟೆ, ಕಟ್ಟಕಡೆಗೆ ದೀಪದ ಬತ್ತಿ. ಪದೇ ಪದೇ ಒಗೆದ ಹತ್ತಿಬಟ್ಟೆಯಲ್ಲಿ ಗಂಜಿಯ ಬಿರುಸು ಕಳೆದು, ಎಳೆಗಳು ಮೃದುವಾಗಿ, ಬೆವರನ್ನೂ ನೀರನ್ನೂ ಬೇಗ ಹೀರಿಕೊಳ್ಳುವ ಗುಣ ಬರುತ್ತದೆ. ಆದುದರಿಂದಲೇ ಹಸುಗೂಸಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ಸೀರೆಯೇ ಮೇಲೆಂದು ಹಿರಿಯರು ಬಗೆದರು. ಅದು ಬಡತನದ ಮಾತಷ್ಟೇ ಆಗಿರಲಿಲ್ಲ, ತಿಳಿವಿನ ಮಾತೂ ಆಗಿತ್ತು.

ಕನ್ನಡ ನಾಡಿನ ಇನ್ನೊಂದು ಉದಾಹರಣೆ ಕಡತ. ಇಂದು ಕಚೇರಿಯ ಕಾಗದಪತ್ರಗಳ ಕಟ್ಟನ್ನು ನಾವು ಕಡತವೆಂದು ಕರೆಯುತ್ತೇವೆ. ಮೂಲದಲ್ಲಿ ಕಡತವು ಕಾಗದವಲ್ಲ, ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಸೇರಿಸಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಕಪ್ಪು ಹಲಗೆಯಂತಾದ ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರು ಮತ್ತು ಶ್ಯಾನುಭೋಗರು ಲೆಕ್ಕಗಳನ್ನು ಇದರಲ್ಲಿ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದು ಬಂದಿವೆ. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದ ಈ ಸಾಧನದ ಹೆಸರು, ಸಾಧನವು ಮರೆಯಾದ ಮೇಲೂ ಭಾಷೆಯಲ್ಲಿ ನಿಂತಿದೆ.

ಹಾಸುಹೊಕ್ಕು ಎಂಬ ಮಾತಿನ ಕಥೆಯೂ ಇದೇ. ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು ಹಾಸು, ಲಾಳಿಯು ಅಡ್ಡಲಾಗಿ ಕೊಂಡೊಯ್ಯುವ ನೂಲು ಹೊಕ್ಕು. ಒಂದು ವಿಷಯವು ಬಾಳಿನಲ್ಲಿ ಹಾಸುಹೊಕ್ಕಾಗಿದೆ ಎಂದು ಮಗ್ಗವನ್ನು ಕಾಣದವರೂ ಹೇಳುತ್ತಾರೆ. ನೇಕಾರನಾಗಿದ್ದ ಜೇಡರ ದಾಸಿಮಯ್ಯನಂತಹ ವಚನಕಾರನನ್ನು ಪಡೆದ ಭಾಷೆಯಲ್ಲಿ ಮಗ್ಗದ ಮಾತು ಇಷ್ಟು ಆಳಕ್ಕಿಳಿದುದು ಆಶ್ಚರ್ಯವಲ್ಲ. ಆದರೆ ಆ ಮಾತಿನ ಅರ್ಥವನ್ನು ಕೈಯಿಂದ ಮುಟ್ಟಿ ತೋರಿಸಬಲ್ಲ ಮನೆಗಳು ಇಂದು ಕಡಮೆಯಾಗುತ್ತಿವೆ. ನೇಯ್ಗೆಯವರ ಮಕ್ಕಳು ಅನೇಕರು ಓದುತ್ತಿರುವ ನಮ್ಮ ಕಡೆಯಲ್ಲಿ ಇದು ಯೋಚಿಸತಕ್ಕ ಸಂಗತಿ.

ಮೊದಲು ಮೂರು ರಾಶಿ

ಹಳೆಯ ವಸ್ತುಗಳನ್ನು ಬಳಕೆಗೆ ತರಬೇಕೆಂಬ ಉತ್ಸಾಹದಲ್ಲಿ ಕತ್ತರಿಯನ್ನೂ ಸುತ್ತಿಗೆಯನ್ನೂ ಕೂಡಲೇ ಕೈಗೆತ್ತಿಕೊಳ್ಳುವುದು ಸರಿಯಲ್ಲ. ಮೊದಲು ಎಲ್ಲವನ್ನೂ ಹೊರತೆಗೆದು, ಒರೆಸಿ, ಮೂರು ರಾಶಿಗಳಾಗಿ ವಿಂಗಡಿಸಬೇಕು. ಇದ್ದ ಹಾಗೆಯೇ ಬಳಸಬಹುದಾದುದು ಮೊದಲನೆಯ ರಾಶಿ. ರೂಪವನ್ನು ಬದಲಿಸಿ ಬಳಸಬಹುದಾದುದು ಎರಡನೆಯದು. ಯಾವ ಕಾರಣಕ್ಕೂ ಬದಲಿಸಬಾರದುದು ಮೂರನೆಯದು.

ವಿಂಗಡಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದರ ಮೇಲೆ ಬರಹವಿದೆಯೇ? ಇಂತಹುದು ಮನೆಯಲ್ಲಿ ಇದೊಂದೇ ಇದೆಯೇ? ನಾಳೆ ಬೇಕೆನಿಸಿದರೆ ಇದನ್ನು ಮೊದಲಿನ ರೂಪಕ್ಕೆ ತರಬಹುದೇ? ಬರಹವಿರುವುದನ್ನು ಕತ್ತರಿಸಬಾರದು, ಉಜ್ಜಿ ಅಳಿಸಬಾರದು. ಒಂದೇ ಒಂದಿರುವುದನ್ನು ಬದಲಿಸುವ ಮುನ್ನ ಮನೆಯವರೆಲ್ಲರ ಒಪ್ಪಿಗೆ ಬೇಕು. ಒಬ್ಬರಿಗೆ ಹರಕುಬಟ್ಟೆಯಾದುದು ಇನ್ನೊಬ್ಬರಿಗೆ ತಾಯಿಯ ನೆನಪಾಗಿರಬಹುದು. ಮರಳಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯಾದರೆ ಅಳುಕಬೇಕಾಗಿಲ್ಲ. ಹಿತ್ತಾಳೆಯ ಕೊಡವನ್ನು ಹೂಗಿಡಕ್ಕೆ ಬಳಸಬೇಕೆಂದರೆ ತಳಕ್ಕೆ ತೂತು ಕೊರೆಯದೆ, ಒಳಗೊಂದು ಮಣ್ಣಿನ ಕುಂಡವನ್ನು ಇಳಿಸಿದರೆ ಆಯಿತು. ಕೊಡವು ಕೊಡವಾಗಿಯೇ ಉಳಿಯುತ್ತದೆ, ಗಿಡವೂ ಬೆಳೆಯುತ್ತದೆ.

ಬಟ್ಟೆಯ ಎರಡನೆಯ ಹುಟ್ಟು

ಬಟ್ಟೆಯ ಮರುಬಳಕೆಯಲ್ಲಿ ಕನ್ನಡ ನಾಡಿನ ಹಿರಿಯ ಕೊಡುಗೆ ಉತ್ತರ ಕರ್ನಾಟಕದ ಕೌದಿ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಒಂದರ ಮೇಲೊಂದು ಪದರವಾಗಿ ಹರಡಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಮಾಡುವ ಹೊದಿಕೆ ಇದು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ತಮ್ಮದೇ ಆದ ಬೆಡಗನ್ನು ಹೊಂದಿವೆ. ಅವರು ಅಂಚಿನಿಂದ ಹೊಲಿಗೆಯನ್ನು ಆರಂಭಿಸಿ ಸುತ್ತುತ್ತಾ ನಡುವಿನತ್ತ ಸಾಗುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಹೂವಿನಂತೆ ಕೂರಿಸುತ್ತಾರೆ. ಬಂಗಾಳದ ಕಾಂಥಾ ಹೊದಿಕೆಗೂ ಹಳೆಯ ಸೀರೆಯೇ ಮೂಲ. ಹೊಲಿಗೆಯ ದಾರವನ್ನು ಸಹ ಸೀರೆಯ ಅಂಚಿನಿಂದ ಎಳೆದು ತೆಗೆಯುವ ರೂಢಿ ಅಲ್ಲಿತ್ತು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಪುಟ್ಟ ಊರಿನ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸದ ಹಳೆಯ ಉಡುಪುಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಚಳಿಯಿಂದ ಮಕ್ಕಳನ್ನು ಕಾಯಲು ಹೊಲಿದುದು ಕಲೆಯೆಂದು ಮನ್ನಣೆ ಪಡೆಯಿತು.

ಕೌದಿಯನ್ನು ಮನೆಯಲ್ಲಿ ಹೊಲಿಯುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ತುಂಡುಗಳೆಲ್ಲವನ್ನೂ ಮೊದಲು ಒಗೆದು ಬಿಸಿಲಿಗೆ ಒಣಗಿಸಬೇಕು. ಇಲ್ಲವಾದರೆ ಹೊಲಿದ ಮೇಲೆ ಒಂದು ಕುಗ್ಗಿ ಇನ್ನೊಂದು ಹಿಗ್ಗಿ ಹೊದಿಕೆ ಸುಕ್ಕುಗಟ್ಟುತ್ತದೆ. ಬಣ್ಣ ಬಿಡುವ ತುಂಡುಗಳನ್ನು ಒದ್ದೆಯ ಬಿಳಿಬಟ್ಟೆಯಿಂದ ಉಜ್ಜಿ ನೋಡಿ ಬೇರೆಯಿಡಬೇಕು. ಜೀರ್ಣವಾದ ಬಟ್ಟೆ ಒಳಪದರಕ್ಕೆ, ಗಟ್ಟಿಯಾದುದು ಮೇಲ್ಪದರಕ್ಕೆ. ಕುಟುಂಬದ ಒಬ್ಬೊಬ್ಬರ ಉಡುಪಿನಿಂದ ಒಂದೊಂದು ತುಂಡನ್ನು ತೆಗೆದು ಹೊಲಿದರೆ, ಅಂತಹ ಕೌದಿಯು ಆ ಮನೆತನದ ವಂಶವೃಕ್ಷವೇ ಆಗುತ್ತದೆ.

ತಿರುಪ್ಪೂರಿನ ನೆರೆಯಲ್ಲಿರುವ ನಮಗೆ ಬಟ್ಟೆಯ ತುಂಡಿಗೆ ಬರವಿಲ್ಲ. ಬನಿಯನ್ ಕಾರ್ಖಾನೆಗಳ ಕತ್ತರಿಕೆಯಲ್ಲಿ ಉಳಿಯುವ ಚೂರುಗಳು ತೂಕದ ಲೆಕ್ಕದಲ್ಲಿ ಮಾರಾಟವಾಗಿ, ಕೆಲವು ಯಂತ್ರ ಒರೆಸುವ ಬಟ್ಟೆಯಾಗುತ್ತವೆ, ಕೆಲವನ್ನು ಮತ್ತೆ ನಾರಾಗಿ ಬಿಡಿಸಿ ನೂಲುತ್ತಾರೆ. ಹೆಣೆದ ಬಟ್ಟೆಗೂ ನೆಯ್ದ ಬಟ್ಟೆಗೂ ಗುಣದಲ್ಲಿ ಭೇದವಿದೆ. ಬನಿಯನ್ ಬಟ್ಟೆಯು ಒಂದಕ್ಕೊಂದು ತೊಡರಿಸಿದ ಕುಣಿಕೆಗಳಿಂದಾದುದು, ಎಳೆದರೆ ಹಿಗ್ಗುತ್ತದೆ. ಆದುದರಿಂದ ಅದನ್ನು ಸೀರೆಯ ತುಂಡಿನೊಡನೆ ಸೇರಿಸಿ ಹೊಲಿಯಬಾರದು. ಅದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಅಡ್ಡಕ್ಕೆ ಕತ್ತರಿಸಿ ಎಳೆದರೆ ಅಂಚುಗಳು ಸುರುಳಿಗೊಂಡು ದಪ್ಪ ಹುರಿಯಾಗುತ್ತದೆ. ಮೂರು ಹುರಿಗಳನ್ನು ಜಡೆಯಂತೆ ಹೆಣೆದು, ಸುತ್ತಿ ಹೊಲಿದರೆ ಕಾಲೊರಸು ಸಿದ್ಧ. ಮಕ್ಕಳ ಚಿಕ್ಕದಾದ ಬನಿಯನ್‌ಗಳಿಂದ ಇದನ್ನು ಮಕ್ಕಳೇ ಮಾಡಬಲ್ಲರು.

ರೇಷ್ಮೆಯ ಸೀರೆಯ ವಿಷಯ ಬೇರೆ. ಹಳೆಯ ಜರಿಸೀರೆಯನ್ನು ಪಡೆದು ಬದಲಿಗೆ ಎವರ್‌ಸಿಲ್ವರ್ ಪಾತ್ರೆಯನ್ನು ಕೊಡುವ ವ್ಯಾಪಾರಿಗಳು ಬೀದಿಬೀದಿಗೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಅವರಿಗೆ ಬೇಕಾದುದು ಬಟ್ಟೆಯಲ್ಲ. ಅಸಲಿ ಜರಿಯಲ್ಲಿ ರೇಷ್ಮೆಯ ಎಳೆಯ ಸುತ್ತ ಚಪ್ಪಟೆಯಾದ ಬೆಳ್ಳಿಯ ತಂತಿಯನ್ನು ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಸೀರೆಯನ್ನು ಸುಟ್ಟರೆ ಬೆಳ್ಳಿ ಉಳಿಯುತ್ತದೆ. ಹೀಗೆ ಎಷ್ಟೋ ಮದುವೆಯ ಸೀರೆಗಳು ಬೂದಿಯಾದವು. ಮೈ ಜೀರ್ಣವಾಗಿ ಅಂಚು ಮತ್ತು ಸೆರಗು ಗಟ್ಟಿಯಾಗಿರುವ ಸೀರೆಯನ್ನು ಹುಡುಗಿಯರ ಲಂಗವಾಗಿಯೋ, ಹೊಸ ಬಟ್ಟೆಗೆ ಕೂಡಿಸಿದ ಅಂಚಾಗಿಯೋ, ದೇವರ ಮಂಟಪದ ತೋರಣವಾಗಿಯೋ ಬಳಸಬಹುದು. ಹೊಸ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಕುಗ್ಗಿಸಿಕೊಳ್ಳಬೇಕು. ಹೊಲಿಗೆಯ ಬಳಿ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸದೆ ಒಳಕ್ಕೆ ಮಡಚಿಟ್ಟರೆ ಮುಂದೆ ಬಿಚ್ಚಿ ಹೊಲಿಯಲು ಎಡೆಯಿರುತ್ತದೆ. ಇಡೀ ಸೀರೆ ಗಟ್ಟಿಯಾಗಿದ್ದರೆ ಉಡುವುದೇ ಮೇಲಾದ ಬಳಕೆ. ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆಯನ್ನು ಬದಲಿಸಬೇಕು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ಜರಿಯು ಆ ಗೆರೆಯಲ್ಲಿಯೇ ಮುರಿಯುತ್ತದೆ.

ಬಟ್ಟೆಯನ್ನು ಬಾಳಿಸುವುದರಲ್ಲಿ ನೆನಪಿನ ಜೊತೆಗೆ ನೀರಿನ ಪ್ರಶ್ನೆಯೂ ಅಡಗಿದೆ. ಬಣ್ಣಗಾರಿಕೆಯ ಕೊಳೆನೀರಿನಿಂದ ನೊಯ್ಯಲ್ ನದಿಗಾದ ಹಾನಿಯನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ತಿರುಪ್ಪೂರಿನ ಬಣ್ಣಗಾರಿಕೆಯ ಘಟಕಗಳನ್ನು ಮುಚ್ಚುವಂತೆ ಆದೇಶಿಸಬೇಕಾಯಿತು. ದಶಕಗಳ ಬೇಡಿಕೆಯ ಬಳಿಕ ಅತ್ತಿಕಡವು–ಅವಿನಾಶಿ ಯೋಜನೆಯು 2024ರಲ್ಲಿ ಬಳಕೆಗೆ ಬಂದು ಕೆರೆಗಳಿಗೆ ನೀರು ಹರಿದುದನ್ನು ಕಂಡ ನಾವು, ಒಂದು ಹೊಸ ಅಂಗಿಯ ಹಿಂದೆ ಎಷ್ಟು ನೀರು ವ್ಯಯವಾಗುತ್ತದೆಂಬುದನ್ನು ಮರೆಯಲಾಗದು.

ಹೆಸರು ಕೆತ್ತಿದ ಪಾತ್ರೆಗಳು

ಅವಿನಾಶಿಯಿಂದ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿರುವ ಅನುಪ್ಪರ್‌ಪಾಳೆಯಂ ಪಾತ್ರೆಗಳಿಗೆ ಹೆಸರಾದ ಊರು. ಹಿತ್ತಾಳೆ, ತಾಮ್ರ, ಎವರ್‌ಸಿಲ್ವರ್ ಪಾತ್ರೆಗಳನ್ನು ಬಡಿದು ಮಾಡುವ ಸದ್ದು ಅಲ್ಲಿನ ಬೀದಿಗಳ ಗುರುತು. ಹಳೆಯ ಪಾತ್ರೆಯನ್ನು ತೂಕಕ್ಕೆ ಹಾಕಿ ಹೊಸದನ್ನು ತರುವುದು ನಮ್ಮಲ್ಲಿ ಬಹುಕಾಲದ ರೂಢಿ. ತೂಕಕ್ಕೆ ಹಾಕುವ ಮುನ್ನ ಪಾತ್ರೆಯ ಕಂಠವನ್ನು ಒಮ್ಮೆ ಒರೆಸಿ ನೋಡಬೇಕು. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಊರು, ತಾರೀಖುಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುವ ಪದ್ಧತಿಯಿತ್ತು. ಜನನ-ಮರಣಗಳ ದಾಖಲೆ ಕೈಗೆ ಸಿಗದ ಕುಟುಂಬದಲ್ಲಿ, ಅಜ್ಜಿಯ ಮದುವೆಯ ವರ್ಷವನ್ನು ಹೇಳುವ ಏಕೈಕ ಸಾಕ್ಷಿ ಒಂದು ಚೊಂಬಿನ ಕಂಠವಾಗಿರಬಹುದು. ಅಂತಹುದು ಕರಗಿದರೆ ಸಿಗುವುದು ಕೆಲವು ನೂರು ರೂಪಾಯಿ. ಹೋಗುವುದು ಮತ್ತೆ ಎಲ್ಲಿಯೂ ಸಿಗದ ಒಂದು ಸಾಲು.

ಹಳೆಯ ಪಾತ್ರೆಗಳನ್ನು ಅಡುಗೆಗೆ ಮತ್ತೆ ಬಳಸಲು ಬಯಸುವವರು ಲೋಹದ ಗುಣವನ್ನು ಅರಿತಿರಬೇಕು. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಬೆರಕೆ. ಕಂಚು ತಾಮ್ರ ಮತ್ತು ತವರದ ಬೆರಕೆ. ಹುಣಿಸೆ, ಮಜ್ಜಿಗೆ, ನಿಂಬೆ ಮುಂತಾದ ಹುಳಿ ಪದಾರ್ಥಗಳು ತಾಮ್ರ, ಹಿತ್ತಾಳೆಗಳೊಡನೆ ಸೇರಿ ದೇಹಕ್ಕೆ ಕೆಡುಕಾದ ಲವಣಗಳನ್ನು ಉಂಟುಮಾಡುತ್ತವೆ. ಆದುದರಿಂದಲೇ ಒಳಮೈಗೆ ಕಲಾಯಿ ಹಾಕಿಸುತ್ತಿದ್ದರು. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯಿಂದ ಉಜ್ಜಿ ಕಿಲುಬನ್ನು ಕಳೆದು, ಕರಗಿದ ತವರವನ್ನು ಬಟ್ಟೆಯಿಂದ ತೆಳ್ಳಗೆ ಹರಡುವುದೇ ಕಲಾಯಿ. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವುದರಿಂದ ಸಾಧಾರಣ ಕುಲುಮೆಯ ಬೆಂಕಿ ಸಾಕಾಗುತ್ತದೆ. ಕರಗುವ ಶಾಖ ಇಷ್ಟು ಕಡಮೆಯಾದುದರಿಂದಲೇ ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಡಬಾರದು. ಒಳಗೆ ಕೆಂಪು ಅಥವಾ ಹಳದಿ ಲೋಹ ಕಂಡಾಗ ಮತ್ತೆ ಕಲಾಯಿ ಹಾಕಿಸಬೇಕು.

ಅಡುಗೆಗೆ ಬೇಡವಾದರೂ ಪಾತ್ರೆಗೆ ಬೇರೆ ಕೆಲಸಗಳಿವೆ. ಹಂಡೆಯು ಹೊದಿಕೆಗಳನ್ನು ಇಡುವ ಭಂಡಾರವಾಗಬಹುದು. ಮೇಲೊಂದು ಹಲಗೆಯಿಟ್ಟರೆ ಚಿಕ್ಕ ಮೇಜಾಗಬಹುದು. ಅಗಲವಾದ ಪರಾತದಲ್ಲಿ ನೀರು ತುಂಬಿ ಹೂಗಳನ್ನು ತೇಲಿಬಿಟ್ಟರೆ ಹಜಾರಕ್ಕೆ ಶೋಭೆ. ಚೊಂಬುಗಳು ಲೇಖನಿಗಳನ್ನು ಇಡಲು ಒದಗುತ್ತವೆ. ಹೊಳಪಿಗಾಗಿ ಹುಣಿಸೆಹಣ್ಣಿನಿಂದ ಉಜ್ಜುವಾಗ ಅಕ್ಷರಗಳಿರುವ ಕಡೆ ಮೆತ್ತಗೆ ಒರೆಸಿದರೆ ಸಾಕು. ವರ್ಷವರ್ಷವೂ ಬಲವಾಗಿ ತಿಕ್ಕಿದರೆ ಚುಕ್ಕಿಯ ಅಕ್ಷರ ಸವೆಯುತ್ತದೆ.

ಮಗ್ಗದ ಸಲಕರಣೆಗಳು ಮತ್ತು ಹಳೆಯ ಮಾನಗಳು

ಗುಣಿಮಗ್ಗವನ್ನು ತೆಗೆದು ಗುಣಿಯನ್ನು ಮುಚ್ಚಿದ ಮನೆಗಳಲ್ಲಿ ಲಾಳಿ, ರಾಟೆ, ನೂಲು ಸುತ್ತುವ ಕಡ್ಡಿಗಳು ಇನ್ನೂ ಉಳಿದಿರುವುದುಂಟು. ಲಾಳಿಯು ನುಣುಪಾದ ಗಟ್ಟಿಮರದ್ದು, ಎರಡೂ ತುದಿ ಚೂಪು, ನಡುವೆ ಟೊಳ್ಳು. ಆ ಟೊಳ್ಳಿನಲ್ಲಿ ಸೂಜಿ, ದಾರ, ಗುಂಡಿಗಳನ್ನು ಇಟ್ಟರೆ ಹೊಲಿಗೆಯ ಪೆಟ್ಟಿಗೆಯಾಯಿತು. ನಾಲ್ಕು ಲಾಳಿಗಳನ್ನು ಒಂದು ಹಲಗೆಗೆ ಕೂರಿಸಿದರೆ ಬೀಗದ ಕೈಗಳನ್ನು ತೂಗುಹಾಕುವ ಗೂಟವಾಯಿತು; ಮೊಳೆ ಹೊಡೆಯದೆ ದಾರದಿಂದ ಬಿಗಿದರೆ ಲಾಳಿಗೆ ಧಕ್ಕೆಯಿಲ್ಲ. ರಾಟೆಯು ಇನ್ನೂ ತಿರುಗುವಂತಿದ್ದರೆ ಅದನ್ನು ಅಲಂಕಾರಕ್ಕೆ ಇಡುವುದಕ್ಕಿಂತ ಮಕ್ಕಳ ಕೈಗೆ ಕೊಡುವುದು ಲೇಸು. ದೊಡ್ಡ ಚಕ್ರವು ಒಂದು ಸುತ್ತು ಬಂದಾಗ ಚಿಕ್ಕ ಕದಿರು ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿದ ಮಗುವಿಗೆ ಅನುಪಾತದ ಪಾಠ ತಾನಾಗಿ ತಿಳಿಯುತ್ತದೆ.

ಸೇರು, ಪಾವು, ಪಡಿಗಳ ಪ್ರಯೋಜನವೂ ಇದೇ ಬಗೆಯದು. ತೂಕ ಮತ್ತು ಅಳತೆಗಳ ಮಾನಕ ಕಾಯಿದೆ 1956ರಲ್ಲಿ ಬಂದ ಮೇಲೆ ಲೀಟರು, ಕಿಲೋಗಳು ಹಂತಹಂತವಾಗಿ ಜಾರಿಗೆ ಬಂದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಆರಂಭವಾಯಿತು. ಅದಕ್ಕೆ ಮುನ್ನ ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಎಂದರೆ ರೂಪಾಯಿಗೆ 192 ಕಾಸು. ಸೇರಿನ ಅಳತೆಯಂತೂ ಊರಿಂದೂರಿಗೆ ಬೇರೆಯಾಗಿತ್ತು. ಮನೆಯ ಹಳೆಯ ಸೇರಿಗೆ ನೀರು ತುಂಬಿ ಲೀಟರಿನ ಪಾತ್ರೆಯಲ್ಲಿ ಅಳೆದು ನೋಡುವುದು ಮಕ್ಕಳಿಗೆ ಒಳ್ಳೆಯ ಅಭ್ಯಾಸ. ಬೇರೆ ಬೇರೆ ಮನೆಗಳ ಸೇರುಗಳನ್ನು ಹೋಲಿಸಿದರೆ, ದೇಶಕ್ಕೆಲ್ಲ ಒಂದೇ ಮಾನ ಏಕೆ ಬೇಕಾಯಿತೆಂಬುದು ಪುಸ್ತಕವಿಲ್ಲದೆಯೇ ಅರಿವಾಗುತ್ತದೆ. ಅಳತೆಯ ಕೆಲಸ ಮುಗಿದ ಮೇಲೆ ಅದೇ ಸೇರು ಅಡುಗೆಮನೆಯಲ್ಲಿ ಅಕ್ಕಿ ಅಳೆಯಲು ಮರಳಲಿ. ಅದಕ್ಕಿಂತ ತಕ್ಕ ಸ್ಥಾನ ಅದಕ್ಕೆ ಬೇರೆಯಿಲ್ಲ.

ಕಾಗದ: ಮುಟ್ಟಬಾರದ ರಾಶಿ

ಪತ್ರಗಳು, ಲೆಕ್ಕದ ಪುಸ್ತಕಗಳು, ಜಾತಕ, ಮದುವೆಯ ಕರೆಯೋಲೆ, ಭಾವಚಿತ್ರ, ಓಲೆಗರಿ ಇವು ಮೂರನೆಯ ರಾಶಿಗೆ ಸೇರಿದವು. ಇವುಗಳ ಮೂಲವನ್ನು ಕತ್ತರಿಸಿ ಅಂಟಿಸಿ ಅಲಂಕಾರ ಮಾಡಬಾರದು. ಸೆಲ್ಲೋಟೇಪು ಅಂಟಿಸಿದ ಕಡೆ ಕಾಗದವು ಕಾಲಕ್ರಮದಲ್ಲಿ ಹಳದಿಯಾಗಿ ಕಲೆ ನಿಲ್ಲುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಕೈಯಲ್ಲಿರುವ ಮೊಬೈಲಿನಿಂದ ಹಗಲು ಬೆಳಕಿನಲ್ಲಿ, ನೆರಳು ಬೀಳದಂತೆ ಚಿತ್ರ ತೆಗೆದು, ಆ ನಕಲನ್ನು ಬೇಕಾದ ಹಾಗೆ ಬಳಸಬಹುದು. ಅಜ್ಜನ ಕೈಬರಹದ ಒಂದು ಪುಟವನ್ನು ಮುದ್ರಿಸಿ ಚೌಕಟ್ಟು ಹಾಕಿಸಬಹುದು. ಹಳೆಯ ಅಡುಗೆಯ ಟಿಪ್ಪಣಿಗಳನ್ನು ಸೇರಿಸಿ ಚಿಕ್ಕ ಪುಸ್ತಿಕೆ ಮಾಡಿ ಮಗಳ ಮದುವೆಯಲ್ಲಿ ಬಂಧುಗಳಿಗೆ ಕೊಡಬಹುದು. ಭಾವಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಒತ್ತದೆ, ಅದರಲ್ಲಿರುವವರ ಹೆಸರನ್ನು ಬರೆದಿಡಬೇಕು. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.

ಮನೆಯಲ್ಲಿ ಕನ್ನಡವಾಡಿದರೂ ತಮಿಳು ಅಕ್ಷರವನ್ನಷ್ಟೇ ಕಲಿತ ಹಿರಿಯರು ತಮ್ಮ ಕನ್ನಡದ ಮಾತನ್ನು ತಮಿಳು ಲಿಪಿಯಲ್ಲಿ ಬರೆದಿಟ್ಟಿರುವುದೂ ಉಂಟು. ಅಂತಹ ಬರಹವನ್ನು ತಮಿಳೆಂದು ಬಗೆದು ಬದಿಗೆ ಸರಿಸಬಾರದು. ಓದಿಸಿ ಕೇಳಿದರೆ ನಮ್ಮ ಮನೆಮಾತು ಅದರಲ್ಲಿ ದೊರೆಯುತ್ತದೆ. ಶಾಲೆಯಲ್ಲಿ ಎರಡೂ ಅಕ್ಷರಗಳನ್ನು ಕಲಿತ ಮಕ್ಕಳು ಅದನ್ನು ಕನ್ನಡ ಲಿಪಿಗೆ ಇಳಿಸಬಲ್ಲರು.

ವಸ್ತುವಿನೊಡನೆ ಒಂದು ಚೀಟಿ

ಕಾರೈಕುಡಿಯ ಹಳೆಯ ವಸ್ತುಗಳ ಅಂಗಡಿಗಳಲ್ಲಿ ಚೆಟ್ಟಿನಾಡಿನ ಮನೆಗಳ ಕಂಬ, ಬಾಗಿಲು, ಪಾತ್ರೆ, ಭಾವಚಿತ್ರಗಳು ರಾಶಿರಾಶಿಯಾಗಿ ಮಾರಾಟಕ್ಕಿವೆ. ಕೆತ್ತನೆ ಸುಂದರವಾಗಿದ್ದರೂ ಅದು ಯಾರ ಮನೆಯ ಬಾಗಿಲು, ಚಿತ್ರದಲ್ಲಿರುವ ತಾಯಿ ಯಾರು ಎಂದು ಹೇಳುವವರಿಲ್ಲ. ವಸ್ತು ಉಳಿದೂ ಅದರ ಕಥೆ ಅಳಿದಿದೆ. ನಮ್ಮ ವಸ್ತುಗಳಿಗೆ ಈ ಗತಿ ಬಾರದಿರಲು ಉಪಾಯವು ಬಹು ಸರಳ. ಬಳಕೆಗೆ ತಂದ ಪ್ರತಿಯೊಂದು ವಸ್ತುವಿನೊಡನೆ ಒಂದು ಚೀಟಿಯನ್ನು ಇಡಬೇಕು. ಕೌದಿಯಾದರೆ ಬಟ್ಟೆಯ ತುಂಡಿನ ಮೇಲೆ ಬರೆದು ಹಿಂಬದಿಗೆ ಹೊಲಿಯಬೇಕು. ವಸ್ತುವಿನ ಹೆಸರು ನಮ್ಮ ಮನೆಯ ಕನ್ನಡದಲ್ಲಿ ಏನು, ನೆರೆಯ ತಮಿಳಿನಲ್ಲಿ ಏನು; ಯಾರದು, ಎಲ್ಲಿಂದ ಬಂತು; ಮೊದಲು ಯಾವ ಕೆಲಸಕ್ಕಿತ್ತು, ಈಗ ಯಾವ ಕೆಲಸಕ್ಕಿದೆ; ಬರೆದವರು ಯಾರು, ಯಾವ ದಿನ: ಇಷ್ಟು ಸಾಕು. ಗ್ರಂಥದ ಕನ್ನಡ ಬೇಕಾಗಿಲ್ಲ. ಮನೆಯಲ್ಲಿ ಆಡುವ ಮಾತು ಹೇಗಿದೆಯೋ ಹಾಗೆಯೇ ಬರೆಯುವುದು ಮೇಲು, ಏಕೆಂದರೆ ನಿಘಂಟಿನಲ್ಲಿ ಸಿಗದ ಮಾತುಗಳಿರುವುದು ಅಲ್ಲಿಯೇ.

ಶಾಲೆ ಮಾಡಬಹುದಾದುದು

ದಿನಬಳಕೆಯ ವಸ್ತುಗಳಿಗೆ ಗೌರವದ ಸ್ಥಾನ ಕೊಟ್ಟ ಸಂಸ್ಥೆಗಳು ಕನ್ನಡ ನಾಡಿನಲ್ಲಿ ಹಲವಿವೆ. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ, 1994ರಲ್ಲಿ ಆರಂಭವಾದ ಜಾನಪದ ಲೋಕದಲ್ಲಿ ನೇಗಿಲು, ಒನಕೆ, ಮಡಕೆಗಳನ್ನು ಕಾಣಬಹುದು. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನೇ ಬಿಡಿಸಿ ತಂದು ಮತ್ತೆ ನಿಲ್ಲಿಸಿದರು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ತುಳುನಾಡಿನ ಮನೆಬಳಕೆಯ ವಸ್ತುಗಳನ್ನು ಕೂಡಿಹಾಕಿ ವಸ್ತುಸಂಗ್ರಹಾಲಯವೊಂದನ್ನು ರೂಪಿಸಿದ್ದಾರೆ. ಇವೆಲ್ಲವೂ ಆರಂಭವಾದುದು ಯಾರೋ ಒಬ್ಬರು ಇದನ್ನು ಎಸೆಯಬೇಡಿ ಎಂದು ಹೇಳಿದುದರಿಂದ.

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಗೆ ಅಷ್ಟು ದೊಡ್ಡ ಕಟ್ಟಡ ಬೇಕಾಗಿಲ್ಲ. ವರ್ಷಕ್ಕೊಂದು ದಿನ ಮಕ್ಕಳು ಮನೆಯಿಂದ ಒಂದೊಂದು ಹಳೆಯ ವಸ್ತುವನ್ನು ಚೀಟಿಯೊಡನೆ ತಂದು, ಅದರ ಕಥೆಯನ್ನು ಕನ್ನಡದಲ್ಲಿ ಹೇಳಿ, ಸಂಜೆ ಮನೆಗೆ ಮರಳಿ ಕೊಂಡೊಯ್ಯಬಹುದು. ಚೀಟಿಯ ಪ್ರತಿ ಶಾಲೆಯಲ್ಲಿ ಉಳಿಯಲಿ, ವಸ್ತು ಮನೆಯಲ್ಲಿಯೇ ಬಳಕೆಯಲ್ಲಿರಲಿ. ಹತ್ತು ವರ್ಷಗಳಲ್ಲಿ ಆ ಚೀಟಿಗಳ ಕಟ್ಟು ಈ ಭಾಗದ ಕನ್ನಡ ಕುಟುಂಬಗಳ ಒಂದು ಪದಕೋಶವೇ ಆದೀತು. ಕಡತ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಅರ್ಥವಿಲ್ಲ. ಹೊರ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಬಾಡಿಗೆಮನೆಯ ಕಪಾಟಿನಲ್ಲಿರುವ ಅಜ್ಜಿಯ ಚೊಂಬಿನ ಬಗ್ಗೆ ನಾಲ್ಕು ಸಾಲು ಬರೆದು ಕಳುಹಿಸಿದರೂ ಅದು ಶಾಲೆಗೆ ಸಲ್ಲಿಸಿದ ಸೇವೆಯೇ.

ನಮ್ಮೂರಿನ ದೇಗುಲದ ಪುರಾಣವನ್ನು ಅರಿಯದವರಿಲ್ಲ. ಮೊಸಳೆ ನುಂಗಿದ ಬಾಲಕನನ್ನು ಸುಂದರಮೂರ್ತಿ ನಾಯನಾರರು ವರ್ಷಗಳ ಬಳಿಕ ಹಾಡಿ ಮರಳಿ ಪಡೆದರು. ಬಾಲಕನು ಹೋದಾಗಿನ ವಯಸ್ಸಿನಲ್ಲಿ ಬರಲಿಲ್ಲ. ನಡುವೆ ಕಳೆದ ವರ್ಷಗಳ ಬೆಳವಣಿಗೆಯೊಡನೆ ಬಂದನೆಂದು ಹಿರಿಯರು ಹೇಳುತ್ತಾರೆ. ಅಟ್ಟದಿಂದ ಇಳಿದು ಬರುವ ವಸ್ತುವೂ ಹಾಗೆಯೇ ಬರಲಿ. ಅಜ್ಜಿಯ ಕಾಲದ ಕೆಲಸವನ್ನೇ ಅದು ಮಾಡಬೇಕಾಗಿಲ್ಲ. ಇಂದಿನ ಮನೆಗೆ ತಕ್ಕ ಕೆಲಸವನ್ನು, ಅಜ್ಜಿ ಕರೆದ ಹೆಸರಿನಲ್ಲಿಯೇ, ಮಾಡಿದರೆ ಸಾಕು. ಈ ಹಬ್ಬದ ವರ್ಷದಲ್ಲಿ ಪ್ರತಿಯೊಂದು ಮನೆಯೂ ಒಂದು ವಸ್ತುವನ್ನಾದರೂ ಕೆಳಗಿಳಿಸಿ, ಒರೆಸಿ, ಹೆಸರಿಟ್ಟು ಕರೆಯಲೆಂದು ಹಾರೈಸೋಣ.